ಐಎನ್-738ಎಲ್‌ಸಿ ಬಾರ್: 900 ಡಿಗ್ರಿಗೆ ಗಟ್ಟಿ, 700ಕ್ಕೆ ಎಚ್ಚರ

ಸಿ.ಐ., ಎಸ್.ಜಿ. ಐರನ್ (ಎರಡೂ ಬೀಡುಕಬ್ಬಿಣದ ಬಗೆಗಳು) ಎರಕದಲ್ಲಿ ಪಳಗಿದ ಬೆಳಗಾವಿ ಉದ್ಯಮಬಾಗದ ಫೌಂಡ್ರಿಯವರು ಗ್ಯಾಸ್ ಟರ್ಬೈನ್ ಬ್ಲೇಡಿಗೆ ಕೈ ಹಾಕುವುದಾದರೆ ನೋಡಲೇಬೇಕಾದ ಸರಕು ಇದು. ಐಎನ್-738ಎಲ್‌ಸಿ ಒಂದು ನಿಕ್ಕಲ್ ಮಿಶ್ರಲೋಹ, ಕರಗಿಸಿ ಎರಕ ಹೊಯ್ಯಲು ಬಾರ್ ರೂಪದಲ್ಲೇ ಸಿಗುತ್ತದೆ. ಹಾಟ್ ಕರೋಷನ್ (ಬಿಸಿಯಲ್ಲಿ ಕರಗಿದ ಉಪ್ಪು ಲೋಹವನ್ನು ತಿನ್ನುವುದು) ತಡೆಯುವ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಅಂಕ.

ಗಾಳಿಯ ಉಪ್ಪು, ಇಂಧನದ ಗಂಧಕ ಸೇರಿ ಬ್ಲೇಡಿನ ಮೇಲೆ ಸೋಡಿಯಂ ಸಲ್ಫೇಟ್ ಕೂರುತ್ತದೆ. 884 ಡಿಗ್ರಿ ಸೆಲ್ಸಿಯಸ್‌ಗೆ ಅದು ಕರಗಿ, ಲೋಹವನ್ನು ಕಾಯುವ ಆಕ್ಸೈಡ್ ಪೊರೆಯನ್ನೇ ಕರಗಿಸತೊಡಗುತ್ತದೆ. ಇಲ್ಲಿ ತಡೆದು ನಿಲ್ಲುವುದು ಕ್ರೋಮಿಯಂ, 738ರಲ್ಲಿ ಅದು ಶೇ. 16. ಇಂಥದ್ದೇ ಇನ್ನೊಂದು ನಿಕ್ಕಲ್ ಮಿಶ್ರಲೋಹ ಐಎನ್-100 ಬಲದಲ್ಲಿ ಒಂದು ಕೈ ಮೇಲೆ. ಆದರೆ ಕ್ರೋಮಿಯಂ ಶೇ. 10 ಮಾತ್ರ, ಮೇಲೆ ಶೇ. 1ರಷ್ಟು ವನೇಡಿಯಂ ಬೇರೆ. ಉಪ್ಪಿನ ಮುಂದೆ ಅದರ ಆಟ ನಡೆಯುವುದಿಲ್ಲ.

ಹಾಗೆಂದು ಬರೀ ಕ್ರೋಮಿಯಂ ನೋಡಿ ಆರ್ಡರ್ ಹಾಕಬೇಡಿ. ಅಲ್ಯೂಮಿನಿಯಂ, ಟೈಟಾನಿಯಂ ಎರಡೂ ತಲಾ ಶೇ. 3.4ರ ಆಸುಪಾಸು ಸಮಸಮ ಇರುವುದೇ ಇದರ ಜಾಣತನ. ಅಲ್ಯೂಮಿನಿಯಂ ಹೆಚ್ಚಿಸಿದರೆ ಒಣ ಆಕ್ಸಿಡೇಶನ್‌ಗೆ ಒಳ್ಳೆಯದು, ಉಪ್ಪಿಗೆ ಟೈಟಾನಿಯಂ ಇರಬೇಕು. ಮಾಲಿಬ್ಡಿನಂ ಶೇ. 2 ದಾಟಕೂಡದು: ಅದರ ಆಕ್ಸೈಡ್ ಕರಗಿದ ಉಪ್ಪನ್ನು ಆಮ್ಲೀಯ ಮಾಡುತ್ತದೆ, ಆಮೇಲೆ ಹೊಸ ಉಪ್ಪು ಬರದಿದ್ದರೂ ಸವೆತ ನಿಲ್ಲುವುದಿಲ್ಲ. ಮಾಲಿಬ್ಡಿನಂ ಮಾಡುವ ಬಲ ಕೊಡುವ ಕೆಲಸವನ್ನು ಇಲ್ಲಿ ಶೇ. 1.75 ಟಾಂಟಲಂ ಹಂಚಿಕೊಂಡಿದೆ.

ಕಡಿಮೆ ಕೊಟ್ಟ ಒಂದು ಅಂಕ 650ರಿಂದ 750 ಡಿಗ್ರಿಯ ಸಲುವಾಗಿ. ಶೇ. 8.5 ಕೋಬಾಲ್ಟ್ ಅಲ್ಲಿ ಸಲ್ಫೇಟ್ ಆಗಿ ಸೋಡಿಯಂ ಸಲ್ಫೇಟ್ ಜೊತೆ ಬೆರೆತರೆ ಸುಮಾರು 565 ಡಿಗ್ರಿಗೇ ಕರಗುತ್ತದೆ. ತಣ್ಣಗಿರುವ ಬ್ಲೇಡಿನ ಬುಡದಲ್ಲಿ ಗುಳಿ ಬೀಳುವುದು ಇದರಿಂದ. ಅಲ್ಲಿಗೆ ಕ್ರೋಮಿಯಂ ಹೆಚ್ಚಿರುವ ಕೋಟಿಂಗ್ ಬೇಕು, ಬರೀ ಅಲ್ಯೂಮಿನೈಡ್ (ಅಲ್ಯೂಮಿನಿಯಂ ಹೆಚ್ಚಿರುವ ಕೋಟಿಂಗ್) ಸಾಲದು.

ಮಾಲು ಬಂದಾಗ ಹೀಟ್ ನಂಬರ್ (ಒಂದೇ ಸಲ ಕರಗಿಸಿದ ಲೋಹಕ್ಕೆ ಕೊಟ್ಟ ಗುರುತು ಸಂಖ್ಯೆ) ತಾಳೆ ನೋಡಿ. ಎಕ್ಸ್-ಕಿರಣದಿಂದ ಲೋಹದ ಅಂಶ ಅಳೆಯುವ ಎಕ್ಸ್‌ಆರ್‌ಎಫ್ ಗನ್ನಿಗೆ ಕಾರ್ಬನ್, ಬೋರಾನ್ ಕಾಣುವುದಿಲ್ಲ, ಲ್ಯಾಬಿನ ರಿಪೋರ್ಟ್ ಬೇಕೇ ಬೇಕು. ಹಾಟ್ ಕರೋಷನ್ ಪರೀಕ್ಷೆಗೆ ತುಂಡಿನ ಮೇಲೆ 75:25 ಸೋಡಿಯಂ ಸಲ್ಫೇಟ್, ಅಡುಗೆ ಉಪ್ಪು ಮಿಶ್ರಣ, ಚದರ ಸೆಂ.ಮೀ.ಗೆ 3ರಿಂದ 5 ಮಿ.ಗ್ರಾಂ, 900 ಡಿಗ್ರಿ. ತೂಕ ನಂಬಬೇಡಿ, ಪೊರೆ ಉದುರಿದರೆ ಲೆಕ್ಕ ತಪ್ಪುತ್ತದೆ. ತುಂಡು ಕತ್ತರಿಸಿ ಉಳಿದ ಲೋಹದ ದಪ್ಪ ಅಳೆಯಿರಿ. ಪಾಲಿಶ್‌ಗೆ ನೀರು ಬೇಡ, ಸ್ಪಿರಿಟ್ ಸಾಕು. ನೀರು ತಾಗಿದರೆ ಸಲ್ಫೇಟ್ ತೊಳೆದುಹೋಗುತ್ತದೆ. ಪೊರೆಯ ಕೆಳಗೆ ಬೂದು ಚುಕ್ಕೆಗಳು ಕಂಡರೆ ಅವು ಕ್ರೋಮಿಯಂ ಸಲ್ಫೈಡ್, ಗಂಧಕ ಒಳಹೊಕ್ಕಿದೆ ಅಂತಲೇ ಲೆಕ್ಕ.

ಮಾಮೂಲಿ ಇಂಡಕ್ಷನ್ ಫರ್ನೇಸ್‌ನಲ್ಲಿ ಬಯಲಿಗೆ ಕರಗಿಸುವ ಯೋಚನೆ ಇದ್ದರೆ ಕೊಳ್ಳಲೇಬೇಡಿ. ಅಲ್ಯೂಮಿನಿಯಂ, ಟೈಟಾನಿಯಂ ಗಾಳಿಗೆ ಉರಿದು ಕಿಟ್ಟವಾಗುತ್ತವೆ, ವ್ಯಾಕ್ಯೂಮ್ ಫರ್ನೇಸೇ ಆಗಬೇಕು. ಎರಕದ ದೋಷವನ್ನು ವೆಲ್ಡಿಂಗ್‌ನಲ್ಲಿ ಮುಚ್ಚುವ ಅಭ್ಯಾಸವೂ ಇಲ್ಲಿ ನಡೆಯದು, ಪಕ್ಕದಲ್ಲೇ ಬಿರುಕು ಬಿಡುತ್ತದೆ.