ಮಲೆನಾಡಿನ ಮಳೆಯಲ್ಲಿ ಕಾನ್ಪುರದ .32 ರಿವಾಲ್ವರ್: ಸ್ಕ್ರೂ, ಸ್ಪ್ರಿಂಗ್ ಎಷ್ಟು ತಾಳುತ್ತವೆ?

ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯ .32 ರಿವಾಲ್ವರಿನ ಬಗ್ಗೆ ಹೊಸದಾಗಿ ಕೊಳ್ಳುವವರು ಕೇಳುವುದು ಬೆಲೆ, ತೂಕ, ಗುರಿ. ಹತ್ತು ಹದಿನೈದು ವರ್ಷ ಇಟ್ಟುಕೊಂಡವರು ಕೇಳುವ ಪ್ರಶ್ನೆ ಬೇರೆ: ಯಾವ ಸ್ಕ್ರೂ ಸಡಿಲಾಗುತ್ತದೆ, ಯಾವ ಸ್ಪ್ರಿಂಗ್ ಮೊದಲು ಕೈಕೊಡುತ್ತದೆ? ಈ ವಿಮರ್ಶೆ ಅವರಿಗಾಗಿ.

ಇದು ಆರು ಗುಂಡಿನ, ಮೂರಿಂಚು ಬ್ಯಾರೆಲ್ಲಿನ, ಸುಮಾರು 700 ಗ್ರಾಂ ತೂಕದ ಆಯುಧ. ಬ್ರಿಟಿಷರ ಕಾಲದ ವೆಬ್ಲಿ ಮಾರ್ಕ್ 4 ರಿವಾಲ್ವರಿನ ವಂಶದ್ದು. ಮೇಲಿನ ಲಾಕ್ ಒತ್ತಿದರೆ ಬ್ಯಾರೆಲ್ ಕೆಳಕ್ಕೆ ಬಾಗಿ, ಖಾಲಿ ತೋಟಾಗಳನ್ನು ಎಕ್ಸ್‌ಟ್ರಾಕ್ಟರ್ ಮೇಲಕ್ಕೆತ್ತುತ್ತದೆ. ಹಳೆಯ ವಿನ್ಯಾಸ, ಆದರೆ ಗಟ್ಟಿ. ಲೈಸೆನ್ಸಿನಲ್ಲಿ ಸಿಗುವ ತೋಟಾಗಳ ಲೆಕ್ಕದಲ್ಲಿ ಗುಂಡು ಹೊಡೆದೇ ಸವೆಸುವುದು ಯಾರಿಗೂ ಸಾಧ್ಯವಿಲ್ಲ. ನಮ್ಮ ಕಡೆ ಇದನ್ನು ಹಾಳು ಮಾಡುವುದು ಮಳೆಗಾಲದ ತೇವ, ತಪ್ಪು ಎಣ್ಣೆ ಮತ್ತು ತಪ್ಪು ಸ್ಕ್ರೂಡ್ರೈವರ್.

ತೇವದ ಕಥೆ ಎಲ್ಲರಿಗೂ ಗೊತ್ತು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಮಳೆ. ಆರಿದ್ರಾದಿಂದ ಆಶ್ಲೇಷದವರೆಗೆ ಮನೆಯೊಳಗಿನ ಬಟ್ಟೆಯೇ ಒಣಗುವುದಿಲ್ಲ. ಅಂಥ ಹೊತ್ತಲ್ಲಿ ರಿವಾಲ್ವರನ್ನು ಚರ್ಮದ ಚೀಲದಲ್ಲೇ ಬೀರುವಿಗೆ ಸೇರಿಸುವುದು ದೊಡ್ಡ ತಪ್ಪು. ಚರ್ಮ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಹದ ಮಾಡಿದ ರಾಸಾಯನಿಕದ ಅಂಶವೂ ಅದರಲ್ಲಿ ಉಳಿದಿರುತ್ತದೆ. ಹೊರಗಿನ ಕಪ್ಪು ಪಾಲಿಶ್ ಮೇಲೆ ಕೆಂಪು ಚುಕ್ಕೆ ಕಂಡಾಗ ಒಳಗಿನ ಸ್ಪ್ರಿಂಗಿಗೆ ಆಗಲೇ ತುಕ್ಕು ಹಿಡಿದಿರಬಹುದು. ಚುನಾವಣೆ ಬಂದಾಗ ಲೈಸೆನ್ಸಿನ ಆಯುಧವನ್ನು ಠೇವಣಿ ಇಡುವುದೂ ಇಂಥದ್ದೇ. 2023ರ ಮೇ 10ರ ವಿಧಾನಸಭೆ, ಶಿವಮೊಗ್ಗ ಕಡೆ 2024ರ ಮೇ 7ರ ಲೋಕಸಭೆ ಮತದಾನ ಎರಡೂ ಮಳೆಗಾಲದ ಹೊಸ್ತಿಲಲ್ಲೇ ಬಂದವು. ಠೇವಣಿ ಇಟ್ಟ ಆಯುಧವನ್ನು ತಡವಾಗಿ ಬಿಡಿಸಿಕೊಂಡರೆ ತಿಂಗಳುಗಟ್ಟಲೆ ಎಣ್ಣೆ ಕಾಣದೆ ಬಿದ್ದಿರುತ್ತದೆ. ಕೊಡುವ ಮುನ್ನ ತೆಳ್ಳಗೆ ಎಣ್ಣೆ ಸವರಿ, ಬಟ್ಟೆಯ ಚೀಲದಲ್ಲಿ ಹಾಕಿ ಕೊಡಿ. ವಾಪಸು ತಂದ ದಿನವೇ ಒರೆಸಿ.

ಎಣ್ಣೆ ಅಂದಾಗ ಕೊಬ್ಬರಿ ಎಣ್ಣೆಯ ಮಾತು ಬರಲೇಬೇಕು, ಏಕೆಂದರೆ ಇವತ್ತಿಗೂ ಅದನ್ನೇ ಬಿಡುವವರಿದ್ದಾರೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಪುಷ್ಯ ಮಾಸದ ಬೆಳಗಿನಲ್ಲಿ ಹ್ಯಾಮರಿನ (ತೋಟಾಕ್ಕೆ ಪೆಟ್ಟು ಕೊಡುವ ಕುದುರೆ) ಬುಡದಲ್ಲಿ ಬಿಳಿ ತುಪ್ಪದಂತೆ ಕೂತಿರುತ್ತದೆ. ಹ್ಯಾಮರ್ ಬೀಳುತ್ತದೆ, ಆದರೆ ಮೆತ್ತಗೆ ಬೀಳುತ್ತದೆ. ಬೇಸಿಗೆಯಲ್ಲಿ ಕರಗಿದರೂ ಕ್ರಮೇಣ ಅಂಟಾಗಿ ಧೂಳು ಹಿಡಿಯುತ್ತದೆ. ಸ್ಪ್ರಿಂಗ್ ಸತ್ತಿದೆ ಎಂದು ತಂದ ಆಯುಧ ಬರೀ ಈ ಅಂಟು ತೊಳೆದದ್ದಕ್ಕೆ ಸರಿಹೋಗುವುದುಂಟು. ಗನ್ ಆಯಿಲ್ ಸಿಗದಿದ್ದರೆ ಹೊಲಿಗೆ ಮಷಿನ್ ಎಣ್ಣೆ ಸಾಕು, ಒಂದು ಜಾಗಕ್ಕೆ ಒಂದೇ ಹನಿ.

ಈಗ ಸ್ಪ್ರಿಂಗುಗಳು. ಇದರ ಪ್ರಾಣ ಇರುವುದು ಹಿಡಿಯೊಳಗಿನ ಮೇನ್ ಸ್ಪ್ರಿಂಗಿನಲ್ಲಿ. ಸುರುಳಿಯಲ್ಲ, ಇಕ್ಕಳದಂತೆ ಮಡಚಿದ ಚಪ್ಪಟೆ ಉಕ್ಕಿನ ಪಟ್ಟಿ. ಅದು ಮುರಿಯುವುದು ಹೆಚ್ಚಾಗಿ ಮಡಿಕೆಯ ಜಾಗದಲ್ಲಿ. ಅಲ್ಲಿ ಸಾಸಿವೆಗಿಂತ ಚಿಕ್ಕ ತುಕ್ಕಿನ ಗುಳಿ ಬಿದ್ದರೂ ಸಾಕು, ಬಾಗಿದಾಗಲೆಲ್ಲ ಒತ್ತಡ ಅದೇ ಗುಳಿಗೆ ಬಂದು ಸೇರಿ ಕೂದಲೆಳೆಯ ಬಿರುಕು ಶುರುವಾಗುತ್ತದೆ. ಗುಳಿ ಕಂಡರೆ ಉಜ್ಜಿ ತೆಗೆಯಲು ಹೋಗಬಾರದು, ಸ್ಪ್ರಿಂಗ್ ಬದಲಾಯಿಸಬೇಕು. ಟ್ರಿಗರ್ ಹಗುರಾಗಲಿ ಎಂದು ಇದನ್ನು ಅರದಿಂದ ತೆಳುವಾಗಿಸುವ ಮೇಸ್ತ್ರಿಗಳಿಗೆ ಆಯುಧ ಕೊಡಲೇಬೇಡಿ. ಟ್ರಿಗರ್ ಹಗುರಾಗುತ್ತದೆ ನಿಜ, ಪೆಟ್ಟೂ ಹಗುರಾಗುತ್ತದೆ, ತೋಟಾ ಹಾರುವುದಿಲ್ಲ.

ಮೇನ್ ಸ್ಪ್ರಿಂಗ್ ಸೋತದ್ದು ಮೊದಲು ಗೊತ್ತಾಗುವುದು ಡಬಲ್ ಆಕ್ಷನ್ನಿನಲ್ಲಿ, ಅಂದರೆ ಬರೀ ಟ್ರಿಗರ್ ಎಳೆದು ಹೊಡೆಯುವಾಗ. ಹೆಬ್ಬೆರಳಿನಿಂದ ಹ್ಯಾಮರ್ ಎಳೆದು ಹೊಡೆದಾಗ ಅದು ಪೂರ್ತಿ ದೂರದಿಂದ ಬೀಳುತ್ತದೆ. ಬರೀ ಟ್ರಿಗರ್ ಎಳೆದಾಗ ತುಸು ಕಡಿಮೆ ದೂರದಿಂದ. ಹಾಗಾಗಿ ಒಂದರಲ್ಲಿ ಹಾರುವ ತೋಟಾ ಇನ್ನೊಂದರಲ್ಲಿ ಹಾರದಿದ್ದರೆ ತೋಟಾವನ್ನು ಬೈಯುವ ಮೊದಲು ಅದರ ಹಿಂಬದಿ ನೋಡಿ. ಪ್ರೈಮರಿನ (ಪೆಟ್ಟಿಗೆ ಕಿಡಿ ಹತ್ತುವ ನಡುವಿನ ಬಿಲ್ಲೆ) ಮೇಲೆ ಆಳವಾದ ಗುಂಡನೆಯ ಗುಳಿಯ ಬದಲು ಉಗುರು ತಾಗಿದಷ್ಟೇ ಗುರುತಿದ್ದರೆ ಸ್ಪ್ರಿಂಗ್ ಸೋತಿದೆ, ಇಲ್ಲವೇ ಒಳಗೆ ಅಂಟಿದೆ, ಇಲ್ಲವೇ ಪ್ರೈಮರಿಗೆ ತಾಗುವ ಫೈರಿಂಗ್ ಪಿನ್ನಿನ ತುದಿ ಸವೆದಿದೆ. ತೋಟಾ ಹಾರದಿದ್ದಾಗ ಬ್ಯಾರೆಲ್ಲಿನ ಬಾಯಿಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯದೆ ತೆರೆಯಬಾರದು.

ಎಕ್ಸ್‌ಟ್ರಾಕ್ಟರಿನ ಸುರುಳಿ ಸ್ಪ್ರಿಂಗ್ ತೋಟಾ ತುಂಬುವ ಸಿಲಿಂಡರಿನ ಹೊಟ್ಟೆಯೊಳಗಿದೆ, ಕಣ್ಣಿಗೆ ಬೀಳುವುದಿಲ್ಲ, ಅದಕ್ಕೇ ಎಣ್ಣೆಯೂ ತಲುಪುವುದಿಲ್ಲ. ಸೋತಾಗ ನಕ್ಷತ್ರದಾಕಾರದ ತಟ್ಟೆ ಮೇಲೆದ್ದದ್ದು ಟಪ್ಪನೆ ಕೆಳಗೆ ಕೂರದೆ ಅರ್ಧಕ್ಕೇ ನಿಲ್ಲುತ್ತದೆ. ಆಗ ಖಾಲಿ ತೋಟಾದ ಅಂಚು ತಟ್ಟೆಯ ಅಡಿಗೆ ನುಸುಳಿ ಇಡೀ ರಿವಾಲ್ವರ್ ಕಚ್ಚಿಕೊಳ್ಳುತ್ತದೆ. ಹೊಸದನ್ನು ಪಕ್ಕದಲ್ಲಿಟ್ಟು ಉದ್ದ ಹೋಲಿಸಿದರೆ ಹಳೆಯದು ಕುಗ್ಗಿದ್ದು ಅಲ್ಲೇ ಕಾಣುತ್ತದೆ.

ಬ್ಯಾರೆಲ್ ಲಾಕಿನ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ಸಿಲಿಂಡರ್ ಖಾಲಿ ಮಾಡಿ, ಲಾಕ್ ಹಾಕಿ, ಬ್ಯಾರೆಲ್ ಮತ್ತು ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಕಟಕಟ ಅಂದರೆ ಲಾಕಿನ ಸ್ಪ್ರಿಂಗ್, ಲಾಕಿನ ಮುಖ ಅಥವಾ ಬಾಗುವ ಜಾಗದ ಪಿನ್ ಸವೆದಿದೆ. ಗುಂಡಿನ ಒತ್ತಡ ತಡೆದು ನಿಲ್ಲುವ ಜಾಗ ಇದು. ತಗಡಿನ ಚೂರು ತುರುಕಿ ಬಿಗಿ ಮಾಡಿಕೊಟ್ಟರೆ ಅದು ರಿಪೇರಿಯಲ್ಲ. ಸರಿಯಾಗುವವರೆಗೆ ಒಂದು ಗುಂಡೂ ಹೊಡೆಯಬಾರದು.

ಮನೆಯಲ್ಲೇ ನೋಡಬಹುದಾದದ್ದು ಇನ್ನೆರಡಿದೆ. ಮೊದಲು ತೋಟಾಗಳನ್ನು ಮನೆಯ ಬೇರೆ ರೂಮಿನಲ್ಲಿಡಿ, ಸಿಲಿಂಡರಿನಲ್ಲಿ ತೋಟಾ ಕೂರುವ ಆರೂ ಕೋಣೆಗೆ ಬೆರಳಿಟ್ಟು ಖಾಲಿಯಿದೆಯೇ ನೋಡಿ. ಸಿಲಿಂಡರಿಗೆ ಒಂದು ಬೆರಳು ಹಗುರಾಗಿ ತಾಗಿಸಿ ಹ್ಯಾಮರನ್ನು ನಿಧಾನಕ್ಕೆ ಎಳೆಯಿರಿ. ಹ್ಯಾಮರ್ ಪೂರ್ತಿ ನಿಲ್ಲುವ ಹೊತ್ತಿಗೆ ಸಿಲಿಂಡರ್ ಕಚ್ಚಿ ನಿಂತಿರಬೇಕು, ಆರಕ್ಕೆ ಆರೂ ಸಲ. ಒಂದು ಕೋಣೆಯಲ್ಲಿ ತಪ್ಪಿದರೂ ಗುಂಡು ಬ್ಯಾರೆಲ್ಲಿಗೆ ನೇರವಾಗಿ ಹೋಗುವುದಿಲ್ಲ, ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಆಮೇಲೆ ಎಳೆದು ನಿಲ್ಲಿಸಿದ ಹ್ಯಾಮರನ್ನು ಹಿಂದಿನಿಂದ ಹೆಬ್ಬೆರಳಲ್ಲಿ ಹದವಾಗಿ ತಳ್ಳಿ. ಟ್ರಿಗರ್ ಮುಟ್ಟದೆ ಅದು ಬಿದ್ದರೆ ಆಯುಧ ಆ ಕ್ಷಣದಿಂದ ಬಳಕೆಗೆ ಯೋಗ್ಯವಲ್ಲ.

ಸ್ಕ್ರೂಗಳ ಗುಣಮಟ್ಟ ಚೆನ್ನಾಗಿದೆ, ಅವುಗಳ ತಲೆ ಹಾಳಾಗುವುದು ನಮ್ಮ ಕೈಯಿಂದ. ಮಾಮೂಲು ಸ್ಕ್ರೂಡ್ರೈವರಿನ ತುದಿ ಇಳಿಜಾರಾಗಿರುತ್ತದೆ, ತಿರುಗಿಸಿದಾಗ ಗೀರಿನಿಂದ ಮೇಲಕ್ಕೆ ಹತ್ತಿ ಅಂಚು ಕೀಳುತ್ತದೆ. ತುದಿಯ ಎರಡೂ ಮೈ ಸಮಾನಾಂತರವಾಗಿದ್ದು, ಗೀರಿನ ಅಗಲ, ದಪ್ಪ ಎರಡಕ್ಕೂ ತುಂಬಿ ಕೂರಬೇಕು. ಕಳೆದ ಸ್ಕ್ರೂ ಬದಲಿಗೆ ಹಾರ್ಡ್‌ವೇರ್ ಅಂಗಡಿಯ ಎಂ3 ಅಳತೆಯ ಸ್ಕ್ರೂ ತಂದು ಒತ್ತಾಯದಿಂದ ತಿರುಗಿಸಿದರೆ ಹಾಳಾಗುವುದು ಚೌಕಟ್ಟಿನ ಥ್ರೆಡ್. ಸ್ಕ್ರೂ ಸಿಗುತ್ತದೆ, ಚೌಕಟ್ಟು ಸಿಗುವುದಿಲ್ಲ. ಪದೇ ಪದೇ ಸಡಿಲಾಗುವುದಕ್ಕೆ ಥ್ರೆಡ್ಡಿನ ಎಣ್ಣೆ ಒರೆಸಿ ಸ್ಕ್ರೂ ಹಿಡಿದಿಡುವ ಅಂಟು, ನೇರಳೆ ಬಣ್ಣದ ಲಾಕ್‌ಟೈಟ್ 222, ಒಂದು ಚುಕ್ಕೆ ಸಾಕು. ಕೆಂಪು ಬೇಡ, ಅದನ್ನು ಬಿಡಿಸಲು ಕಾಯಿಸಬೇಕಾಗುತ್ತದೆ.

2014ರಲ್ಲಿ ಬಂದ ಹಗುರ ರಿವಾಲ್ವರ್ ನಿರ್ಭೀಕ್ ತೆಗೆದುಕೊಂಡರೆ ಈ ತಾಪತ್ರಯ ಇಲ್ಲ ಎಂಬ ಮಾತಿದೆ. ಅದು 500 ಗ್ರಾಂ, ಚೌಕಟ್ಟು ಟೈಟಾನಿಯಂ ಮಿಶ್ರಲೋಹ, ನಿಜ. ಆದರೆ ಸ್ಪ್ರಿಂಗ್ ಉಕ್ಕಿನದೇ, ತುಕ್ಕು ಅದನ್ನೂ ಬಿಡುವುದಿಲ್ಲ. ಹಗುರ ಇದ್ದಷ್ಟೂ ಒದೆತ ಜಾಸ್ತಿ, ಹಿಡಿಯ ಸ್ಕ್ರೂ ಕಡೆ ಗಮನವೂ ಜಾಸ್ತಿ ಬೇಕು. ದಿನವಿಡೀ ಸೊಂಟದಲ್ಲಿ ಇರುವುದಾದರೆ ನಿರ್ಭೀಕ್ ಸರಿ. ಮನೆಯಲ್ಲೇ ಇರುವುದಾದರೆ ಹಳೆಯ .32 ಸಾಕು.

ಸ್ಪ್ರಿಂಗ್ ಬದಲಾಯಿಸುವ ಕೆಲಸ ಮನೆಯದಲ್ಲ. 1959ರ ಆಯುಧ ಕಾಯ್ದೆಯ 5ನೇ ಕಲಮಿನಂತೆ ಬಂದೂಕು ರಿಪೇರಿಗೇ ಪ್ರತ್ಯೇಕ ಲೈಸೆನ್ಸ್ ಬೇಕು. ಮೇನ್ ಸ್ಪ್ರಿಂಗಿಗೆ ಕ್ಲ್ಯಾಂಪ್ ಹಾಕದೆ ಇಕ್ಕಳದಲ್ಲಿ ಕೀಳಲು ಹೋದರೆ ಕಣ್ಣಿಗೂ ಅಪಾಯ. ಒರೆಸುವುದು, ಎಣ್ಣೆ ಹಾಕುವುದು, ಮೇಲೆ ಹೇಳಿದ ಪರೀಕ್ಷೆ ಇಷ್ಟೇ ಮಾಲೀಕರ ಪಾಲು. ಅಂಗಡಿಗೆ ಕೊಡುವಾಗ ಲೈಸೆನ್ಸ್ ಪುಸ್ತಕ ಜೊತೆಗಿರಲಿ, ಆಯುಧದ ನಂಬರ್ ಬರೆದ ರಸೀದಿ ಪಡೆಯಿರಿ. ವಾಪಸು ಪಡೆಯುವಾಗ ಬಿಚ್ಚಿದ ಹಳೆಯ ಸ್ಪ್ರಿಂಗ್ ತೋರಿಸಲು ಹೇಳಿ, ಹೊಸದು ಕಾರ್ಖಾನೆಯದೋ ಲೇತಿನ ಅಂಗಡಿಯಲ್ಲಿ ಮಾಡಿಸಿದ್ದೋ ಕೇಳಿ, ಸಿಲಿಂಡರ್ ಖಾಲಿಯಿರುವಾಗಲೇ ಆರೂ ಕೋಣೆಯ ಪರೀಕ್ಷೆಯನ್ನು ಅವರೆದುರೇ ಮಾಡಿ ನೋಡಿ, ಆಮೇಲೆ ದುಡ್ಡು ಕೊಡಿ.