ಗಟ್ಟಿ ಮೈಸೂರು ಪಾಕ್: ಕೊಳ್ಳುವ ಮುನ್ನ ಒಂದು ತುಂಡು ಮುರಿದು ನೋಡಿ

ಮೆತ್ತನೆಯ ತುಪ್ಪದ ಪಾಕ್ ರುಚಿಯೇ. ಆದರೆ ಬಾಣಸಿಗನ ಕೈ ಗೊತ್ತಾಗುವುದು ಗೂಡುಗೂಡಾದ ಗಟ್ಟಿ ಪಾಕ್‌ನಲ್ಲಿ. ಒಳ್ಳೆಯ ತುಂಡನ್ನು ಮುರಿದರೆ ಒಳಗೆಲ್ಲ ಸಣ್ಣ ಸಣ್ಣ ರಂಧ್ರ, ಅಂಚು ತಿಳಿಹಳದಿ, ನಡುಭಾಗ ಕಂದು.

ಅಳತೆ ಹೀಗೆ: 1 ಲೋಟ ಕಡಲೆಹಿಟ್ಟು, 2 ಲೋಟ ಸಕ್ಕರೆ, 2 ಲೋಟ ತುಪ್ಪ, ಸಕ್ಕರೆ ಮುಳುಗುವಷ್ಟು ನೀರು. ಸಕ್ಕರೆ ನೀರು ಕುದಿಸಿ, ಬೆರಳ ನಡುವೆ ಎಳೆದರೆ ಒಂದೆಳೆ ಬರುವ ಪಾಕಕ್ಕೆ ಜರಡಿ ಹಿಡಿದ ಹಿಟ್ಟು ಸೇರಿಸಿ, ಪಕ್ಕದ ಒಲೆಯಲ್ಲಿ ಕಾಯುತ್ತಿರುವ ತುಪ್ಪವನ್ನು ಸೌಟು ಸೌಟಾಗಿ ಸುರಿಯುತ್ತಾ ಕೈ ಬಿಡದೆ ತಿರುವಬೇಕು. ಆ ಬಿಸಿಗೆ ಪಾಕದ ನೀರು ತಟ್ಟನೆ ಆವಿಯಾಗಿ ನೊರೆ ಏಳುತ್ತದೆ. ಆವಿ ಹೊರಟ ದಾರಿಯೇ ರಂಧ್ರ. ತುಪ್ಪ ಕಾದಿರದಿದ್ದರೆ ಚೊರ್ ಎನ್ನುವ ಸದ್ದೂ ಇಲ್ಲ, ಗೂಡೂ ಇಲ್ಲ. ಬೇಗ ಇಳಿಸಿದರೆ ಅಂಟಂಟು, ತಡವಾದರೆ ಕತ್ತರಿಸುವಾಗಲೇ ಪುಡಿ.

ಆಳದ ತಟ್ಟೆಗೆ ಸುರಿದ ಮೇಲೂ ನಡುವಿನ ಬಿಸಿ ಆರದೆ ಹಿಟ್ಟು ಹುರಿಯುತ್ತಲೇ ಇರುತ್ತದೆ. ಕಂದು ಬಣ್ಣ ಬರುವುದು ಅಲ್ಲಿಂದ, ಆ ಘಮವೂ ಅದರದ್ದೇ.

ತಿಂದ ಮೇಲೆ ಅಂಗುಳಿಗೆ ಮೇಣ ಮೆತ್ತಿದಂತಾದರೆ ತುಪ್ಪದ ಬದಲು ವನಸ್ಪತಿ (ಡಾಲ್ಡಾದಂಥ ಗಟ್ಟಿ ಎಣ್ಣೆ) ಹಾಕಿರುವ ಅನುಮಾನ ಪಡಿ. ತುಪ್ಪ ಬಾಯಿಯ ಬಿಸಿಗೇ ಕರಗುತ್ತದೆ.