ಕಾರ್ಡಿನ ಠಸ್ಸೆ: ಆನ್‌ಲೈನ್ ಸೆಟ್ಟೋ, ಕಟ್ಟಿಗೆ ಅಚ್ಚೋ, ಸೀಲ್ ಅಂಗಡಿಯದೋ?

ಕೈಯಿಂದ ಮಾಡುವ ಶುಭಾಶಯ ಕಾರ್ಡಿನ ಮೇಲೆ ಕನ್ನಡ ಅಕ್ಷರ ಬೇಕೆಂದರೆ ಕಲಬುರಗಿಯ ಸೀಲು ಮಾಡುವ ಅಂಗಡಿಯ ಪಾಲಿಮರ್ ಠಸ್ಸೆಗೆ ಸಾಟಿ ಇಲ್ಲ. ಅದನ್ನು ಹಿಡಿಕೆ ಇಲ್ಲದೆ ತರಬೇಕು, ಷರತ್ತು ಅದೊಂದೇ. ಆನ್‌ಲೈನ್‌ನಲ್ಲಿ ಸಿಗುವ ಪಾರದರ್ಶಕ ಠಸ್ಸೆಗಳ ಸೆಟ್ಟುಗಳು ಹೂವು-ಎಲೆಗೆ ಛಲೋ. ಬಟ್ಟೆಗೆ ಒತ್ತುವ ಕಟ್ಟಿಗೆ ಅಚ್ಚು ಹಿನ್ನೆಲೆಗೆ ಮಾತ್ರ. ಯುಗಾದಿ, ರಂಜಾನ್, ದಸರೆಯ ಬನ್ನಿ, ಹೀಗೆ ಹಬ್ಬಕ್ಕೆ ಮೂವತ್ತು-ನಲವತ್ತು ಕಾರ್ಡು ಮಾಡುವವರನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದದ್ದು ಇದು. ದಿನಾ ಮಾಡಿ ಮಾರುವವರ ಲೆಕ್ಕ ಬೇರೆ.

ಸೀಲ್ ಅಂಗಡಿಯ ಪಾಲಿಮರ್ರೂ ಒಳ್ಳೆಯ ಪಾರದರ್ಶಕ ಸೆಟ್ಟೂ ಒಂದೇ ಜಾತಿಯ ಮಾಲು. ಎರಡೂ ಫೋಟೋಪಾಲಿಮರ್. ದ್ರವ ರಾಳದ ಮೇಲೆ ನೆಗೆಟಿವ್ ಫಿಲ್ಮ್ ಇಟ್ಟು ಅಲ್ಟ್ರಾವಯೊಲೆಟ್ ಬೆಳಕು ಬಿಡುತ್ತಾರೆ. ಬೆಳಕು ಬಿದ್ದ ಕಡೆ ಗಟ್ಟಿಯಾಗುತ್ತದೆ, ಉಳಿದ ರಾಳ ಸೋಪಿನ ನೀರಿನಲ್ಲಿ ತೊಳೆದು ಹೋಗುತ್ತದೆ. ವ್ಯತ್ಯಾಸ ಇರುವುದು ಬೆನ್ನಿನಲ್ಲಿ. ಆನ್‌ಲೈನ್ ಸೆಟ್ಟಿನ ಬೆನ್ನು ಅಕ್ರಿಲಿಕ್ ಬ್ಲಾಕಿಗೆ (ಠಸ್ಸೆ ಹಿಡಿಯಲು ಬಳಸುವ ಪಾರದರ್ಶಕ ಗಟ್ಟಿ ತುಂಡಿಗೆ) ತಾನೇ ಅಂಟಿ ಕೂಡುತ್ತದೆ. ಅಂಗಡಿಯದಕ್ಕೆ ಹಿಂದೆ ಪ್ಲಾಸ್ಟಿಕ್ ಹಾಳೆ ಇರುವುದರಿಂದ ಅಂಟುವುದಿಲ್ಲ, ತೆಳು ಡಬಲ್ ಸೈಡ್ ಟೇಪು ಹಚ್ಚಬೇಕು. ಅಷ್ಟು ಮಾಡಿದರೆ ಅದೂ ಆರಪಾರ ಕಾಣುವ ಠಸ್ಸೆಯೇ ಆಯಿತು. ಎಲ್ಲಿ ಒತ್ತುತ್ತಿದ್ದೇವೆಂದು ಮೇಲಿನಿಂದಲೇ ಕಾಣುತ್ತದೆ. ಹಿಡಿಕೆ ಹಚ್ಚಿಸಿಕೊಂಡು ಬಂದರೆ ಈ ಲಾಭ ಹೋಯಿತು, ಪದ ಸೊಟ್ಟ ಬಿದ್ದದ್ದು ಎತ್ತಿದ ಮೇಲೆಯೇ ಗೊತ್ತಾಗುವುದು. "ಅಣ್ಣಾ, ಹಿಡಿಕಿ ಹಚ್ಚಬ್ಯಾಡ್ರಿ, ಬರೇ ಪಾಲಿಮರ್ ಕೊಡ್ರಿ" ಎಂದು ಮೊದಲೇ ಹೇಳಬೇಕು.

ಅಂಗಡಿಯವರು ಮೊದಲು ತೋರಿಸುವುದು ಫ್ಲ್ಯಾಶ್ ಸೀಲು. ಬೇಡ ಎನ್ನಿ. ಅದರ ಮಸಿ ಒಳಗೇ ತುಂಬಿರುತ್ತದೆ, ಬಣ್ಣ ಬದಲಿಸಲು ಬರುವುದಿಲ್ಲ. ಎಣ್ಣೆ ಮಸಿಯಾದ್ದರಿಂದ ಮೆರುಗಿಲ್ಲದ ಕಾಗದದಲ್ಲಿ ಅಕ್ಷರದ ಸುತ್ತ ಎಣ್ಣೆಗೆರೆ ಹಬ್ಬುತ್ತದೆ. ಕಚೇರಿಯ ಸಹಿಗೆ ಅದು ಸರಿ.

ಇನ್ನು ತಲೆನೋವಿನ ವಿಷಯ. ಅಂಗಡಿಗೆ ಕನ್ನಡ ಬರಹವನ್ನು ಹೇಗೆ ಕೊಡುತ್ತೀರಿ ಎನ್ನುವುದರ ಮೇಲೆ ಠಸ್ಸೆಯ ಹಣೆಬರಹ ನಿಂತಿದೆ. ಮೊಬೈಲಿನಲ್ಲಿ ನಾವು ಟೈಪು ಮಾಡುವುದು ಯೂನಿಕೋಡ್ ಎಂಬ ಅಕ್ಷರ ಸಂಕೇತದಲ್ಲಿ. ಅನೇಕ ಅಂಗಡಿಗಳ ಕಂಪ್ಯೂಟರಿನಲ್ಲಿ ಪುಟ ಜೋಡಿಸಲು ಇರುವುದು ಹಳೆಯ ಪೇಜ್‌ಮೇಕರ್ ಇಲ್ಲವೇ ಹಳೆಯ ಕೋರಲ್‌ಡ್ರಾ, ಅದರಲ್ಲಿ ಬೇರೆಯದೇ ಸಂಕೇತದ ಹಳೆಯ ನುಡಿ ಫಾಂಟು. ವಾಟ್ಸಾಪಿನಲ್ಲಿ ಕಳಿಸಿದ ಸಾಲನ್ನು ಅಲ್ಲಿಗೆ ಅಂಟಿಸಿದರೆ ಬರೇ ಪ್ರಶ್ನೆ ಚಿಹ್ನೆಗಳು ಬೀಳುತ್ತವೆ, ಇಲ್ಲವೇ ಒತ್ತಕ್ಷರ ಕಳಚಿಕೊಳ್ಳುತ್ತದೆ. "ಹಬ್ಬದ" ಎಂಬುದು "ಹಬ್‌ಬದ" ಆಗುತ್ತದೆ, "ವರ್ಷ", "ಶ್ರೀ", "ಪ್ರೀತಿ" ಇವುಗಳಂತೂ ಗುರುತೇ ಸಿಗುವುದಿಲ್ಲ. ಆಗ ಅಂಗಡಿಯವರು ತಾವೇ ಮತ್ತೆ ಟೈಪು ಮಾಡುತ್ತಾರೆ; ಗಡಿಬಿಡಿಯಲ್ಲಿ ದೀರ್ಘ ಹ್ರಸ್ವವಾಗುತ್ತದೆ, ಫಾಂಟು ಅವರಿಗೆ ಸಿಕ್ಕದ್ದು ಬೀಳುತ್ತದೆ. ಒಮ್ಮೆ ಬೆಳಕಿಗೆ ಒಡ್ಡಿದ ಪಾಲಿಮರಿಗೆ ತಿದ್ದುಪಡಿ ಇಲ್ಲ, ಹೊಸದನ್ನೇ ಮಾಡಿಸಬೇಕು.

ಹಾಗಾಗಿ ಬರಹವನ್ನು ಬರಹವಾಗಿ ಕೊಡಬೇಡಿ, ಚಿತ್ರವಾಗಿ ಕೊಡಿ. ಮನೆಯಲ್ಲೇ ನಿಜವಾದ ಅಳತೆಯಲ್ಲಿ ಜೋಡಿಸಿ ಪಿಡಿಎಫ್ ಮಾಡಿ. ಅದು ಆಗದಿದ್ದರೆ 600 ಡಿಪಿಐ (ಇಂಚಿಗೆ 600 ಚುಕ್ಕೆ) ಚಿತ್ರ, ಅಪ್ಪಟ ಕಪ್ಪು-ಬಿಳುಪು, ನಡುವೆ ಬೂದು ಬಣ್ಣ ಇರಬಾರದು. ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೋ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಿ. ಫೋಟೋ ಆದರೆ ಅಂಚು ಕಲಸಿಹೋಗುತ್ತದೆ. ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ಕೊಡುವ ಜಾಣತನವೂ ಬೇಡ. ಆ ಕೆಲಸ ಅಂಗಡಿಯವರೇ ಮಾಡುತ್ತಾರೆ, ಇಬ್ಬರೂ ತಿರುಗಿಸಿದರೆ ಕಾರ್ಡಿನ ಮೇಲೆ ಉಲ್ಟಾ ಬೀಳುತ್ತದೆ.

ಅಳತೆಯಲ್ಲೂ ಕನ್ನಡಕ್ಕೆ ತನ್ನದೇ ಲೆಕ್ಕ. ಇಂಗ್ಲಿಷ್ ಪದ 12 ಪಾಯಿಂಟಿನಲ್ಲೂ ಸ್ವಚ್ಛ ಮೂಡುತ್ತದೆ. ಕನ್ನಡದಲ್ಲಿ ಅಷ್ಟು ಸಣ್ಣದಾದರೆ ಮಹಾಪ್ರಾಣದ ಕೆಳಗಿನ ಸೀಳು ಮಸಿಯಿಂದ ತುಂಬಿಕೊಂಡು ಭ ಹೋಗಿ ಬ ಆಗುತ್ತದೆ, "ಶುಬಾಶಯ" ಎಂದು ಅಚ್ಚಾಗುತ್ತದೆ. ಧ ಮತ್ತು ಫ ಅಕ್ಷರಗಳದೂ ಇದೇ ಗತಿ. 20 ಪಾಯಿಂಟಿಗಿಂತ ಕೆಳಗೆ ಇಳಿಯದಿರುವುದು ಕ್ಷೇಮ, 24 ಆದರೆ ನಿಶ್ಚಿಂತೆ. 24 ಪಾಯಿಂಟಿನ "ಶುಭಾಶಯಗಳು" ಸುಮಾರು ಐದು ಸೆಂ.ಮೀ. ಅಗಲ ಬರುತ್ತದೆ, ಎ6 (105 × 148 ಮಿ.ಮೀ.) ಕಾರ್ಡಿಗೆ ಹೇಳಿ ಮಾಡಿಸಿದ್ದು. ಬೋಲ್ಡ್ ಫಾಂಟು ಚಂದ ಕಂಡರೂ ಅಕ್ಷರದ ಹೊಟ್ಟೆ ಮುಚ್ಚುತ್ತದೆ. ಗೆರೆ ಒಂದೇ ದಪ್ಪ ಇರುವ ಮಧ್ಯಮ ತೂಕದ ಫಾಂಟು ಆರಿಸಿ, ಅಕ್ಷರಗಳ ನಡುವೆ ಕೂದಲೆಳೆಯಷ್ಟು ಜಾಗ ಹೆಚ್ಚಿಸಿ. ಎರಡು ಸಾಲು ಇದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗದಂತೆ ಒಂದೂವರೆ ಪಟ್ಟು ಅಂತರ ಬಿಡಬೇಕು.

ಅದಕ್ಕಿಂತ ಉತ್ತಮವೆಂದರೆ ಪದಗಳನ್ನು ಬೇರೆ ಬೇರೆ ಮಾಡಿಸುವುದು. ಅಂಗಡಿಯಲ್ಲಿ ರೊಕ್ಕ ಹೇಳುವುದು ಚೌಕದ ಅಳತೆ ನೋಡಿ. 6 × 9 ಸೆಂ.ಮೀ. ಚೌಕದೊಳಗೆ "ಯುಗಾದಿ", "ದಸರಾ", "ಹೊಸ ವರ್ಷದ", "ಹಬ್ಬದ", "ಶುಭಾಶಯಗಳು", ಜೊತೆಗೆ ಒಂದು ಬನ್ನಿ ಎಲೆ, ಒಂದು ಬೇವಿನ ಎಸಳು, ನಡುವೆ 4 ಮಿ.ಮೀ. ಅಂತರ ಬಿಟ್ಟು ತುಂಬಿಸಿದರೆ ಒಂದೇ ಸೀಲಿನ ದರದಲ್ಲಿ ವರ್ಷದ ಕೆಲಸ ಆಗುತ್ತದೆ. ಮನೆಗೆ ತಂದು ಕತ್ತರಿಯಿಂದ ಬಿಡಿಸಿಕೊಳ್ಳಿ. ಅಕ್ಷರದಿಂದ ಒಂದು ಮಿ.ಮೀ. ದೂರದಲ್ಲಿ, ಕತ್ತರಿಯನ್ನು ಹೊರಕ್ಕೆ ವಾಲಿಸಿ ಕತ್ತರಿಸಬೇಕು. ಬುಡ ಅಗಲ ಉಳಿದರೆ ಅಕ್ಷರ ಅಲುಗುವುದಿಲ್ಲ. ಹೀಗೆ ಹತ್ತಿರ ಕತ್ತರಿಸಲು ಇನ್ನೊಂದು ಕಾರಣ ಇದೆ: ಅಂಗಡಿಯ ಪಾಲಿಮರಿನಲ್ಲಿ ಅಕ್ಷರದ ಎತ್ತರ ಕಡಿಮೆ. ಸುತ್ತಲಿನ ತಳಕ್ಕೂ ಮಸಿ ತಾಗಿ ಕಾರ್ಡಿನ ಮೇಲೆ ಅಂಚಿನ ಕಲೆ ಬೀಳುತ್ತದೆ. ತಳವೇ ಇಲ್ಲದಿದ್ದರೆ ಕಲೆಯೂ ಇಲ್ಲ.

ಉರ್ದು ಬರಹಕ್ಕೆ ಮಾತ್ರ ಅಂಗಡಿಯ ಠಸ್ಸೆ ಸೋಲುತ್ತದೆ. ಉರ್ದುವಿನಲ್ಲಿ "ಈದ್ ಮುಬಾರಕ್" ಬರೆದರೆ ಮೂರು ನುಕ್ತೆ, ಮೂರೂ ಅಕ್ಷರದಿಂದ ಬೇರೆಯಾಗಿ ನಿಂತ ಚುಕ್ಕೆಗಳು. ತೊಳೆಯುವಾಗ ಇಂಥ ಒಂಟಿ ಚುಕ್ಕೆಗಳೇ ಮೊದಲು ಕಿತ್ತುಬರುತ್ತವೆ. ಈದ್ ಬರಹದ ಸಿದ್ಧ ಪಾರದರ್ಶಕ ಸೆಟ್ಟುಗಳು ಆನ್‌ಲೈನ್‌ನಲ್ಲಿ ಧಾರಾಳ ಸಿಗುತ್ತವೆ, ಚಂದ್ರ-ಲಾಟೀನುಗಳ ಜೊತೆಗೆ. ದರ್ಗಾದ ಊರಾದ ಕಲಬುರಗಿಯಲ್ಲಿ ಈ ಒಂದು ಕಾರಣಕ್ಕಾದರೂ ಅಂಥ ಒಂದು ಸೆಟ್ಟು ಮನೆಯಲ್ಲಿರಲಿ.

ಆ ಸೆಟ್ಟು ಕೊಳ್ಳುವಾಗ ವಿವರಣೆಯಲ್ಲಿ "ಫೋಟೋಪಾಲಿಮರ್" ಎಂದಿದೆಯೇ ನೋಡಿ. "ಸಿಲಿಕೋನ್" ಎಂದು ಬರೆದ ಅಗ್ಗದವು ಮಸಿಯನ್ನು ಹಿಡಿಯುವುದಿಲ್ಲ, ಅದು ಹನಿಹನಿಯಾಗಿ ನಿಂತು ಹೂವಿನ ಎಸಳೆಲ್ಲ ಚುಕ್ಕಿಚುಕ್ಕಿ ಬೀಳುತ್ತದೆ. ಒಳ್ಳೆಯ ಸೆಟ್ಟಿನಲ್ಲೂ ಹೊಸದಾಗಿದ್ದಾಗ ಈ ದೋಷ ಸ್ವಲ್ಪ ಇರುತ್ತದೆ. ಪೆನ್ಸಿಲ್ ರಬ್ಬರಿನಿಂದ ಮೇಲ್ಮೈಯನ್ನು ಹಗುರಾಗಿ ಉಜ್ಜಿ ಮೆರುಗು ತೆಗೆದರೆ ಹೋಗುತ್ತದೆ. ಮಸಿಯ ಬಣ್ಣ ಕೂತರೆ ಚಿಂತೆ ಇಲ್ಲ. ನೇಲ್ ಪಾಲಿಶ್ ರಿಮೂವರ್, ಥಿನ್ನರ್ ಮಾತ್ರ ತಾಗಿಸಬೇಡಿ, ಪಾಲಿಮರ್ ಕೆಡುತ್ತದೆ.

ನಮ್ಮ ಬಿಸಿಲು ಈ ಸೆಟ್ಟುಗಳ ದೊಡ್ಡ ವೈರಿ. ಮೇ ತಿಂಗಳಲ್ಲಿ 42-43 ಡಿಗ್ರಿ ಮುಟ್ಟುವ ಊರಿನಲ್ಲಿ, ಅದೂ ಪತ್ರಾಸಿನ (ತಗಡಿನ) ಛಾವಣಿಯ ಕೋಣೆಯಲ್ಲಿ ಇಟ್ಟರೆ ಸೆಟ್ಟು ಮೆತ್ತಗಾಗಿ ತನ್ನ ಹಾಳೆಗೇ ಅಂಟಿಕೊಳ್ಳುತ್ತದೆ. ಎಳೆದರೆ ತೆಳು ಬಳ್ಳಿ ಹರಿಯುತ್ತದೆ. ಕಿಟಕಿಯ ಬೆಳಕು ಬಿದ್ದರೆ ಹಳದಿಯಾಗಿ ಬಿರುಸಾಗುತ್ತದೆ. ಧೂಳು ಕೂತರೆ ಬ್ಲಾಕಿಗೆ ಹಿಡಿಯದೆ ಒತ್ತುವಾಗಲೇ ಕಳಚಿ ಬೀಳುತ್ತದೆ, ಸೋಪು ಹಚ್ಚಿ ತೊಳೆದು ನೆರಳಿನಲ್ಲಿ ಆರಿಸಿದರೆ ಮತ್ತೆ ಅಂಟುತ್ತದೆ. ಸ್ಟೀಲ್ ಡಬ್ಬಿ, ಅಲಮಾರಿಯ ಕೆಳಗಿನ ಖಾನೆ, ಇವೇ ಅದಕ್ಕೆ ಜಾಗ.

ಕಟ್ಟಿಗೆ ಅಚ್ಚಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶೀಶಮ್ ಮರದಲ್ಲಿ ಕೆತ್ತಿದ ಬುಟ್ಟಾ (ಬಿಡಿ ಹೂವು), ಜಾಲಿ (ಬಲೆಯಂಥ ಚಿತ್ತಾರ) ಅಂಗೈಯಲ್ಲಿ ಹಿಡಿದರೆ ಖುಷಿಯೇ. ಆದರೆ ಒತ್ತಿದಾಗ ಕಟ್ಟಿಗೆ ಒಂದಿಷ್ಟೂ ತಗ್ಗುವುದಿಲ್ಲ, ಕಾಗದವೂ ತಗ್ಗುವುದಿಲ್ಲ, ಕೆಳಗೆ ಮೆತ್ತೆ ಇಲ್ಲದಿದ್ದರೆ ಅರ್ಧ ಮೂಡಿ ಅರ್ಧ ಬಿಡುತ್ತದೆ. ಅಕ್ರಿಲಿಕ್ ಬಣ್ಣವನ್ನು ಸ್ಪಂಜಿನಿಂದ ಹಚ್ಚಬೇಕು, ಯುಗಾದಿಯ ಹೊತ್ತಿನ ಒಣ ಗಾಳಿಗೆ ಅದು ಕೆತ್ತನೆಯೊಳಗೇ ಒಣಗಿ ಕೂಡುತ್ತದೆ. ನೆನೆಸಿ ಬಿಸಿಲಿಗಿಟ್ಟರೆ ಅಚ್ಚು ಸೊಟ್ಟಗಾಗುತ್ತದೆ. ಒದ್ದೆ ಟೂತ್‌ಬ್ರಷ್ಷಿನಿಂದ ಉಜ್ಜಿ ಒರೆಸಬೇಕಷ್ಟೇ. ಒಂದು ಕಡೆ ಮಾತ್ರ ಅದಕ್ಕೆ ಎದುರಿಲ್ಲ: ಕಪ್ಪು ಕಾರ್ಡಿನ ಮೇಲೆ ಸಣ್ಣ ಜಾಲಿಯ ಅಚ್ಚು, ನಿಧಾನ ಒಣಗುವ ಪಿಗ್ಮೆಂಟ್ ಮಸಿ, ಮೇಲೆ ಬೆಳ್ಳಿ ಬಣ್ಣದ ಎಂಬಾಸಿಂಗ್ ಪುಡಿ (ಕಾವಿಗೆ ಕರಗಿ ಉಬ್ಬಿ ನಿಲ್ಲುವ ಪುಡಿ). ಕರಗಿ ಹೊಳೆದಾಗ ಬೀದರಿನ ಬಿದ್ರಿ ಹೂದಾನಿಯ ತುಣುಕಿನಂತೆಯೇ ಕಾಣುತ್ತದೆ.

ಆ ಪುಡಿ ಕರಗಿಸಲು ಹೀಟ್ ಗನ್ನೇ ಬೇಕು. ಕೂದಲು ಒಣಗಿಸುವ ಡ್ರೈಯರಿನ ಗಾಳಿ ಜೋರು, ಕಾವು ಸಾಲದು. ಪುಡಿ ಹಾರಿ ಹೋಗುತ್ತದೆ. ಒಣ ಹವೆಯಲ್ಲಿ ಕಾಗದದ ಮೇಲೆ ಸ್ಥಿರ ವಿದ್ಯುತ್ ಇರುವುದರಿಂದ ಬೇಡದ ಕಡೆಗೂ ಪುಡಿ ಅಂಟುತ್ತದೆ. ಒತ್ತುವ ಮೊದಲು ಹತ್ತಿಯಿಂದ ಟಾಲ್ಕಂ ಪೌಡರ್ ತೆಳ್ಳಗೆ ಸವರಿದರೆ ಸಾಕು.

ಮೂರು ಠಸ್ಸೆಗಳಿಗೂ ಅನ್ವಯಿಸುವ ಮಾತು: ಶಹಾಬಾದ ಕಲ್ಲಿನ ಕಟ್ಟೆಯ ಮೇಲೆ, ನೆಲದ ಮೇಲೆ ನೇರವಾಗಿ ಒತ್ತಬೇಡಿ. ಕಣ್ಣಿಗೆ ನುಣುಪು ಕಂಡರೂ ಆ ಕಲ್ಲಿನಲ್ಲಿ ಸಣ್ಣ ಏರುತಗ್ಗು ಇರುತ್ತವೆ, ಪದದ ನಡುವಿನ ಎರಡು ಅಕ್ಷರ ಮಸುಕಾಗಿ ಬೀಳುವುದು ಅದರಿಂದಲೇ. ಪಾಲಿಮರಿಗೆ ಒಂದು ಮೌಸ್ ಪ್ಯಾಡು, ಕಟ್ಟಿಗೆಗೆ ಹತ್ತು-ಹನ್ನೆರಡು ಹಾಳೆ ಹಳೆ ಪೇಪರು ಕೆಳಗೆ ಹಾಕಿ. ಠಸ್ಸೆಯನ್ನು ಪ್ಯಾಡಿಗೆ ಕುಕ್ಕುವ ಬದಲು ಠಸ್ಸೆ ಮೇಲ್ಮುಖ ಹಿಡಿದು ಪ್ಯಾಡಿನಿಂದ ತಟ್ಟಿದರೆ ಮಸಿ ಸಮ ಹತ್ತುತ್ತದೆ. ನೇರ ಒತ್ತಿ, ಎರಡು-ಮೂರು ಎಣಿಸಿ, ನೇರ ಎತ್ತಿ. ಅತ್ತಿತ್ತ ವಾಲಿಸಿದರೆ ನೆರಳು ಮೂಡುತ್ತದೆ.

ಮಸಿಯಲ್ಲಿ ಎರಡು ಬಗೆ. ಡೈ ಮಸಿ ಬೇಗ ಒಣಗುತ್ತದೆ, ಅಕ್ಷರಕ್ಕೆ ಸರಿ. ಪಿಗ್ಮೆಂಟ್ ಕಾಗದದ ಮೇಲೆ ಕೂಡುತ್ತದೆ, ನಿಧಾನ ಒಣಗುತ್ತದೆ, ಬಣ್ಣದ ಕಾಗದಕ್ಕೂ ಎಂಬಾಸಿಂಗಿಗೂ ಅದೇ. ಕಚೇರಿಯ ನೇರಳೆ ಪ್ಯಾಡಿನ ಮಸಿ ಹಬ್ಬುತ್ತದೆ, ಉಳಿತಾಯ ಮಾಡಲು ಹೋಗಬೇಡಿ.

ಕಾರ್ಡಿನ ಮುಖಕ್ಕೆ ಅಂಟಿಸುವ ಚಿತ್ತಾರದ ಕಾಗದದಲ್ಲಿ ಆರು ಇಂಚು ಚೌಕದ ಹಾಳೆಗಳ ಪ್ಯಾಡಿಗೂ ಗಿಫ್ಟ್ ಪೇಪರಿಗೂ ಪೈಪೋಟಿ. ಎ6 ಕಾರ್ಡಿನ ಮುಖಕ್ಕೆ ಸುತ್ತಲೂ 5 ಮಿ.ಮೀ. ಬಿಳಿ ಅಂಚು ಬಿಟ್ಟರೆ 95 × 138 ಮಿ.ಮೀ. ತುಂಡು ಬೇಕು. ಆರು ಇಂಚಿನ ಹಾಳೆಯಲ್ಲಿ ಅಂಥದ್ದು ಒಂದೇ ಸಿಗುತ್ತದೆ, ಉಳಿದ 57 ಮಿ.ಮೀ. ಪಟ್ಟಿ ಇನ್ನೊಂದು ಕಾರ್ಡಿಗೆ ಅಡ್ಡಪಟ್ಟಿಯಾದೀತು. 50 × 70 ಸೆಂ.ಮೀ. ಗಿಫ್ಟ್ ಪೇಪರಿನಲ್ಲಿ 25 ತುಂಡು. ರೊಕ್ಕದ ಲೆಕ್ಕದಲ್ಲಿ ಗಿಫ್ಟ್ ಪೇಪರ್ ಗೆದ್ದಂತೆಯೇ. ಆದರೆ ಅದು ತೆಳು, ಬಿಳಿ ಅಂಟು ಹಚ್ಚಿದರೆ ನೀರು ಕುಡಿದು ಉಬ್ಬಿ ಒಣಗುವಾಗ ಕಾರ್ಡನ್ನೇ ಬಾಗಿಸುತ್ತದೆ; ಗ್ಲೂ ಸ್ಟಿಕ್ ಇಲ್ಲವೇ ಡಬಲ್ ಸೈಡ್ ಟೇಪು ಬಳಸಬೇಕು. ಚಿತ್ತಾರದ ಮೇಲೆ ನೇರವಾಗಿ ಅಕ್ಷರ ಒತ್ತಿದರೆ ಯಾವ ಕಾಗದದಲ್ಲೂ ಓದಲು ಬರುವುದಿಲ್ಲ. ಬಿಳಿ ಪಟ್ಟಿಯ ಮೇಲೆ ಒತ್ತಿ, ಅದನ್ನು ಅಂಟಿಸಿ.

ಬುಡದ ಕಾರ್ಡು 250ರಿಂದ 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ಇರಲಿ. ಎ4 ಹಾಳೆಯನ್ನು ಎರಡು ಮಾಡಿ, ಪ್ರತಿಯೊಂದನ್ನೂ ಮಡಿಸಿದರೆ ಎ6. ಹಾಳೆಯ ನಾರು ಉದ್ದಕ್ಕೆ ಇದ್ದರೆ ಈ ಮಡಿಕೆ ನಾರಿನ ಜೊತೆಗೇ ಹೋಗುತ್ತದೆ, ಬಿರಿಯುವುದಿಲ್ಲ. ಅದೇ ಹಾಳೆಯನ್ನು ಕತ್ತರಿಸದೆ ಎ5 ಕಾರ್ಡು ಮಾಡಲು ಹೋದರೆ ನಾರಿಗೆ ಅಡ್ಡ ಮಡಿಸಿದಂತಾಗಿ ಬೆನ್ನಿನಲ್ಲಿ ಬಿಳಿ ಬಿರುಕು ಏಳುತ್ತದೆ. ಹಾಳೆಯನ್ನು ಎರಡೂ ಕಡೆಯಿಂದ ಹಗುರಾಗಿ ಬಾಗಿಸಿ ನೋಡಿ, ಸುಲಭ ಬಾಗುವ ಕಡೆ ಮಡಿಕೆ. ಮೊದಲು ಖಾಲಿ ರೀಫಿಲ್ಲಿನಿಂದ ಗೀರು ಹಾಕಿಕೊಳ್ಳಬೇಕು.

ಖರ್ಚು ಸಾವಿರ ರೂಪಾಯಿಯೊಳಗೆ ಇರಬೇಕೆಂದರೆ ಅಂಗಡಿಯ ಪಾಲಿಮರ್ ಚೌಕ ಒಂದು, ಅಕ್ರಿಲಿಕ್ ಬ್ಲಾಕ್ ಒಂದು, ಕಪ್ಪು ಡೈ ಪ್ಯಾಡು, ಗಿಫ್ಟ್ ಪೇಪರ್ ಎರಡು ಹಾಳೆ. ರೊಕ್ಕ ಉಳಿದರೆ ಎಲೆ-ಹೂವಿನ ಒಂದು ಪಾರದರ್ಶಕ ಸೆಟ್ಟು. ಹೀಟ್ ಗನ್, ಕಟ್ಟಿಗೆ ಅಚ್ಚು ಮುಂದಿನ ವರ್ಷಕ್ಕೆ ಇರಲಿ. ರಂಜಾನಿಗೆ ಮಾತ್ರ ಕಾರ್ಡು ಮಾಡುವವರು ಈ ಯಾದಿಯನ್ನು ತಿರುಗಿಸಿಕೊಳ್ಳಬೇಕು: ಮೊದಲು ಈದ್ ಸೆಟ್ಟು, ಕನ್ನಡದಲ್ಲೂ ಹೆಸರು ಬೇಕೆನಿಸಿದಾಗ ಸೀಲ್ ಅಂಗಡಿ.